ಅರ್ಧ ಹಾಜರಿ

ತೋಟದಲ್ಲಿ ನನ್ನನ್ನು ಕರೆಯುವುದು ರೈಟರ್ ಎಂದು.
ಕಥೆ ಕವಿತೆ ಬರೆದವನಲ್ಲ.
ಇಪ್ಪತ್ತಾರು ವರ್ಷ ಬರೆದದ್ದು
ಯಾರು ಬಂದರು, ಯಾರು ಬರಲಿಲ್ಲ, ಅಷ್ಟೇ.
ಬರುವ ಏಪ್ರಿಲಿನಿಂದ ಚೆಕ್‌ರೋಲು ಕಂಪ್ಯೂಟರಿನಲ್ಲಿ ಬೇಕು ದೇರಣ್ಣ,
ಎಂದರು ಸಾವ್ಕಾರರು, ಬೂಟಿನ ಜಿಗಣೆ ಕೀಳುತ್ತಾ.
ಫೀಸು ನಾನು ಕೊಡುತ್ತೇನೆ, ಜಾಗ ನೀನೇ ನೋಡಿಕೋ.

ನೋಡಲು ಹೊರಟೆ.
ಹೆಣ್ಣು ನೋಡಲು ಹೋದಾಗಲೂ ಇಷ್ಟು ಬೆವರಿರಲಿಲ್ಲ.

ಕುಶಾಲನಗರದ ಮೊದಲನೆಯದಕ್ಕೆ ಗಾಜಿನ ಬಾಗಿಲು,
ಗೋಡೆ ತುಂಬ ಸರ್ಟಿಫಿಕೇಟು, ಹೊಳೆಯುವ ಸ್ಟಿಕ್ಕರು.
ಆರು ತಿಂಗಳು, ಹದಿನೆಂಟು ವಿಷಯ, ಎಂದಳು ಮೇಜಿನ ಹುಡುಗಿ.
ಹೆಸರೆಲ್ಲ ಹೇಳಿ ಮುಗಿಸುವಷ್ಟರಲ್ಲಿ
ಮಡಿಕೇರಿ ಬಸ್ಸು ಹೋಗಿಯೇ ಬಿಟ್ಟಿತು.
ಒಂದು ಕಂಪ್ಯೂಟರಿಗೆ ಎಷ್ಟು ಜನ, ಕೇಳಿದೆ.
ಅವಳು ಕ್ಯಾಲೆಂಡರ್ ನೋಡಿದಳು.

ಎರಡನೆಯ ಕಡೆ ಹುಡುಗ ಚುರುಕು,
ಮೌಸು ಅವನ ಕೈ ಬಿಡಲೇ ಇಲ್ಲ.
ನೋಡ್ತಾ ಇರಿ ಅಂಕಲ್, ಈಸಿ, ಎಂದ.
ನೋಡಿದೆ, ಈಜುವವನನ್ನು ದಡದಲ್ಲಿ ಕೂತು ನೋಡಿದಂತೆ.
ಬಟ್ಟೆ ಒಣಗಿಯೇ ಇತ್ತು. ಎದ್ದು ಬಂದೆ.

ಕೊನೆಗೆ ನಮ್ಮ ಸುಂಟಿಕೊಪ್ಪದಲ್ಲೇ, ಸೈಕಲ್ ಅಂಗಡಿಯ ಮೇಲೆ,
ಏಣಿಗೂ ಮೆಟ್ಟಿಲಿಗೂ ನಡುವಿನ ಏನನ್ನೋ ಹತ್ತಿದರೆ
ಸುಹರಾ ಟೀಚರ್, ನಾಲ್ಕು ಹಳೆಯ ಕಂಪ್ಯೂಟರು,
ಒಂದರ ಹೊಟ್ಟೆ ಬಿಚ್ಚಿತ್ತು.
ಫೀಸು ಹೇಳಲಿಲ್ಲ ಮೊದಲು. ಕೇಳಿದರು,
ನಿಮಗೆ ಇದರಿಂದ ಏನು ಕೆಲಸ ಆಗಬೇಕು?
ಹೇಳಿದೆ.
ಹಾಗಾದರೆ ಹದಿನೆಂಟು ಯಾಕೆ, ಎರಡು ಸಾಕು,
ಕನ್ನಡ ಟೈಪಿಂಗು, ಲೆಕ್ಕದ ಹಾಳೆ.
ನಾಳೆ ಬರುವಾಗ ಚೆಕ್‌ರೋಲು ತನ್ನಿ.

ಮೊದಲ ವಾರ ನನ್ನ ಹೆಸರೇ ನನಗೆ ಬಗ್ಗಲಿಲ್ಲ.
ದೇರಣ, ಎಂದು ನಿಂತುಬಿಡುತ್ತಿತ್ತು.
ಎಫ್ ಒತ್ತಿ, ಮತ್ತೆ ಣ, ಎಂದರು ಟೀಚರ್.
ಒತ್ತಿದೆ. ಒಂದು ಣದ ಕಾಲಡಿ ಇನ್ನೊಂದು
ಮುದುಡಿ ಕೂತಿತು, ಮಳೆಗೆ ಕೊಡೆಯೊಳಗೆ ನುಸುಳಿದ ಹಾಗೆ.
ಪಕ್ಕದ ಪಿಯುಸಿ ಹುಡುಗಿ ನಕ್ಕಳು.
ಮರುದಿನ ಅವಳ ಮೊತ್ತ ತಪ್ಪಿದಾಗ ಇಬ್ಬರೂ ನಕ್ಕೆವು.

ಮನೆಯಲ್ಲಿ ಯಂತ್ರವಿಲ್ಲ.
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಕೀಲಿಮಣೆ ಬರೆದು
ಬೆರಳು ಆಡಿಸಿದೆ. ಊಟದ ತಟ್ಟೆಯ ಅಂಚಿಗೂ.
ತಬಲ ಕಲೀತಿದ್ದೀರೋ? ಕೇಳಿದಳು ಹೆಂಡತಿ.
ಕರೆಂಟು ಹೋದ ದಿನ ಟೀಚರ್ ಯಾರನ್ನೂ ಮನೆಗೆ ಬಿಡರು.
ಗೊತ್ತಾಗದ್ದು ಮೂರು, ಬರೆಯಿರಿ, ಎನ್ನುವರು.
ಆ ಮಳೆಗಾಲ ನನ್ನ ನೋಟ್‌ಬುಕ್ಕು ಬೇಗ ತುಂಬಿತು.

ಅಭ್ಯಾಸಕ್ಕೆಂದು ಹೋದ ವರ್ಷದ ಡಿಸೆಂಬರ್ ಏರಿಸಿದೆ,
ಮೂವತ್ತೊಂದು ಕಾಲಂ, ನಲವತ್ತು ಹೆಸರು.
ತೋಟಕ್ಕೆ ಆನೆ ನುಗ್ಗಿದ ಮೂರು ದಿನ
ಕೊಯ್ಲು ನಿಲ್ಲಿಸಿ ಮಧ್ಯಾಹ್ನಕ್ಕೇ ಕಳಿಸಿದ್ದೆವು.
ನನ್ನ ಬರಹದಲ್ಲಿ ಅದಕ್ಕೊಂದು ಅಡ್ಡಗೀಟು, ಅರ್ಧ ಹಾಜರಿ.
ಬೊಳ್ಳಚಿಯ ಸಾಲಿನಲ್ಲಿ ಆ ಗೀಟು ಮಾಸಿ
ಬಂದದ್ದಕ್ಕೂ ಬಾರದ್ದಕ್ಕೂ ನಡುವೆ ಎಲ್ಲೋ ಇತ್ತು.
ಬೆಳಕಿಗೆ ಹಿಡಿದೆ. ಅರ್ಧವೇ.
ಮೂರು ಸಲ ಒತ್ತಿದೆ.
ಕೆಳಗಿನ ಮೊತ್ತ ಸದ್ದಿಲ್ಲದೆ ಬದಲಾಯಿತು.
ಬಟವಾಡೆ ಪುಸ್ತಕ ತೆರೆದರೆ, ಒಂದೂವರೆ ದಿನದ ಕೂಲಿ ಕಡಿಮೆ.
ಅಕ್ಷರ ನನ್ನದು. ಹೆಬ್ಬೆಟ್ಟು ಅವಳದು.

ಕಂಪ್ಯೂಟರು ತಪ್ಪು ಹಿಡಿಯಿತೇ ಟೀಚರ್?
ಅದಕ್ಕೇನು ಗೊತ್ತು, ಹಾಕಿದ್ದನ್ನು ಕೂಡಿತು.
ಎರಡನೇ ಸಲ ನೋಡಿದವರು ನೀವು.

ಶನಿವಾರ ಲೈನ್‌ಮನೆಗೆ ಹೋಗಿ ದುಡ್ಡು ಕೊಟ್ಟೆ.
ಬೊಳ್ಳಚಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.
ಈಗ ಹೇಗೆ ಗೊತ್ತಾಯ್ತು ರೈಟರೇ?
ಕಂಪ್ಯೂಟರ್ ಕಲಿತೆ.
ಸೆರಗಿಗೆ ದುಡ್ಡು ಗಂಟು ಹಾಕುತ್ತಾ ಹೇಳಿದಳು,
ಅದರ ಹಿಂದಿನ ವರ್ಷದ್ದನ್ನೂ ಕಲಿ.

ಸೋಮವಾರ ಕಾಫಿಯ ಗೋಣಿಯಲ್ಲಿ ಪುಸ್ತಕ ತುಂಬಿ
ಆ ಏಣಿಯಂಥದ್ದನ್ನು ಮತ್ತೆ ಹತ್ತಿದೆ.
ಕೋರ್ಸು ಮುಗಿದು ಮೂರು ದಿನವಾಗಿತ್ತು.
ಟೀಚರ್ ಏನೂ ಕೇಳದೆ
ಕುರ್ಚಿ ಎಳೆದರು.