ಎಡಗಡಿ ಪೆಡಲ್

ಕಲಬುರಗಿ ಗಂಜಿನ ಹಿಂದ, ದಾಲ್ ಮಿಲ್ಲಿನ ಗೋದಾಮಿನಾಗ
ಹತ್ತೊಂಬತ್ತು ವರ್ಷದಿಂದ ನಿಂತದ ಈ ಫಿಯಾಟು.
ನಾಲ್ಕು ಮಂದಿ ದಬ್ಬಿದರು, ಮಿಸುಕಲಿಲ್ಲ.
ಟ್ರ್ಯಾಕ್ಟರಿಗೆ ಕಟ್ಟಿ ಎಳಸೂಣು, ಅಂದ ಹಮಾಲ.
ಬ್ಯಾಡೋ ಮಾರಾಯ.
ಹಿಡದ ಗಾಲಿ ಎಳದರ
ಶಹಾಬಾದಿ ಪರಸಿ ಮ್ಯಾಲ ಕರೇ ಗೀಟು ಬೀಳತದ,
ಗಾಲಿ ಮಾತ್ರ ತಿರಗಂಗಿಲ್ಲ.

ಬಗ್ಗಿ ಒಳಗ ನೋಡಿದೆ.
ಹ್ಯಾಂಡ್‌ಬ್ರೇಕು ಎಳದದ್ದು ಎಳದಂಗೇ ಅದ.
ಅಷ್ಟು ಬಿಗಿ ಎಳಿಯೋ ಕೈ ಈ ಊರಾಗ ಒಂದೇ ಇತ್ತು,
ರೇವಣಸಿದ್ದಪ್ಪ ಮಾಸ್ತರದು.
ನನಗ ಗಾಡಿ ಕಲಿಸಿದ್ದು ಇದರಾಗೇ.
ಇಳಿಯೂ ಮುಂದ ಎಳಿ, ಎಳದ ಮ್ಯಾಲ ಇನ್ನೊಂದು ಹಲ್ಲು ಎಳಿ,
ಇಳಕಲು ನಿಮ್ಮಪ್ಪನ ಮನಿದಲ್ಲ, ಅಂತಿದ್ದರು.
ಆ ಇನ್ನೊಂದು ಹಲ್ಲು
ಡ್ರಮ್ಮಿಗೆ ತುಕ್ಕಾಗಿ ಹತ್ತಿಕೊಂಡದ.

ಜ್ಯಾಕ್ ಕೊಟ್ಟು, ಕಲ್ಲು ಕೊಟ್ಟು, ಗಾಲಿ ಬಿಚ್ಚಿದೆ.
ಡೀಜಲಿಗೆ ಒಂದಿಷ್ಟು ಗೇರ್ ಆಯಿಲ್ ಕೂಡಿಸಿ
ಕೋಳಿ ಪುಕ್ಕದಲೆ ಅಂಚಿಗೆ ಹಚ್ಚಿ
ಮನಿಗೆ ಹೋದೆ.
ಹೋಗೂದೂ ಒಂದು ಕೆಲಸಾನೇ.

ಮರುದಿನ ಅಡ್ಜಸ್ಟರ್ ಹಿಂದಕ ತಿರುವಿ
ಕಟ್ಟಿಗಿ ಸುತ್ತಿಗಿಲೆ ಸುತ್ತಾ ಬಡದೆ,
ಹಾಲು ಕುಡದ ಕೂಸಿನ ಬೆನ್ನಿಗೆ ಬಡದಂಗ.
ತಾಜು ದೊಡ್ಡ ಘನ ಹೊತ್ತುಕೊಂಡು ಬಂದ.
ಇಡು ಕೆಳಗ, ಅಂದೆ. ಬೀಡು ಕಬ್ಬಿಣ ಅದು,
ಒಡದರ ಒಡದೇ ಹೋತು.
ಸಿಟ್ಟಿನ ಕೈ ಕಬ್ಬಿಣಕ ಗೊತ್ತಾಗತದ, ಅಂತಿದ್ದ ನಮ್ಮಪ್ಪ,
ಕುಲುಮ್ಯಾಗ ಕೂತು, ಬೀಡಿ ಆರಿಸಿ.

ಮೂರನೇ ದಿನ
ಚೂಡಿ ಕೊರದ ಎರಡು ತೂತಿನಾಗ ಎರಡು ಬೋಲ್ಟು.
ಅರ್ಧ ಸುತ್ತು ಈ ಕಡಿ, ಅರ್ಧ ಸುತ್ತು ಆ ಕಡಿ.
ಮ್ಯಾಲ ಬಿಸಲಿಗೆ ಪತ್ರಾ ಚಟ್ ಚಟ್ ಅನ್ನಲಾಕತ್ತಿತ್ತು,
ಅದರ ನಡುವ
ಟಕ್.
ಪತ್ರಾ ಅಲ್ಲ ಅದು. ಗೊತ್ತಾತು.
ಡ್ರಮ್ಮು ಕೈಯಾಗ ಬಂತು,
ಬಿಸಿ ರೊಟ್ಟಿ ಹಂಚು ಬಿಟ್ಟಂಗ.

ಒಳಗ ಕೆಂಪು ಪುಡಿ, ಎಲ್ಲಿಂದ ಹೊಕ್ಕಿತ್ತೋ ತೊಗರಿ ಧೂಳು,
ಶೂ ಬಿಟ್ಟು ಡ್ರಮ್ಮಿಗೇ ಅಂಟಿದ ಲೈನಿಂಗು.
ಊದಬ್ಯಾಡ ತಾಜು, ಎದಿಗೆ ಛಲೋ ಅಲ್ಲ,
ಹಸಿ ಅರಬಿಲೆ ಒರಸು.

ಹೊಸ ಸಿಲಿಂಡರ್, ಹೊಸ ಪೈಪು, ಹೊಸ ಆಯಿಲ್.
ಇನ್ನ ಗಾಳಿ ತೆಗಿಯೂದು. ಅದಕ ಇಬ್ಬರು ಬೇಕು,
ಕೆಳಗೊಬ್ಬ, ಮ್ಯಾಲೊಬ್ಬ. ತಾಜು ಉಣ್ಣಲಾಕ ಹೋಗಿದ್ದ.
ಗಾಡಿ ಕಾಗದ ಕೊಡಲಾಕ ಸುಗಲಮ್ಮ ಬಂದಿದ್ದರು.
ಹೈದರಾಬಾದಿನ ಸಾವಕಾರ ಕೊಂಡಾನ, ಒಂದೇ ಮಾತು ಅವನದು:
ಆ ಎಡಗಡಿ ಪೆಡಲ್ ಕಿತ್ತಿ ಕೊಡ್ರಿ, ಶೋಕ ಕಾಣಂಗಿಲ್ಲ.

ಅವ್ವಾ, ಒಂದೀಟು ಕೂಡ್ರಿ, ಬ್ರೇಕ್ ಒತ್ತೂದದ, ಅಂದೆ.
ಸ್ಟೇರಿಂಗಿನ ಕಡಿ ಬರಲಿಲ್ಲ ಅವರು.
ಚಪ್ಪಲಿ ಹೊರಗ ಬಿಟ್ಟು ಎಡಕ್ಕ ಕೂತರು.
ಅವರ ಜಾಗ ಅದು.
ಸೇಡಂಕ, ಆಳಂದಕ, ತವರುಮನಿ ಜೇವರ್ಗಿಗೆ
ಅಲ್ಲೇ ಕೂತು ಹೋದವರು, ಎರಡೂ ಕಾಲು ಮಡಚಿ,
ಸೀರಿ ಅಂಚು ಒತ್ತಿ ಹಿಡದು,
ಮಾಸ್ತರ ಪೆಡಲಿಗೆ ಕಾಲು ತಾಗಬಾರದು ಅಂತ.
ಊರಿಗೆಲ್ಲಾ ಕಲಿಸಿದರು. ನೀವು ಕೇಳಲಿಲ್ಲೇನ್ರಿ?
ಕೇಳಿದ್ದೆ, ಅಂದರು.

ಒತ್ತರಿ. ಹಿಡೀರಿ. ಬಿಡ್ರಿ.
ಒತ್ತರಿ. ಹಿಡೀರಿ.
ನನ್ನ ಬಾಯಾಗ ಅವರದೇ ದನಿ ಬಂದು
ಒಮ್ಮೆ ಪಾನಾ ಜಾರಿತು.
ಬಾಟ್ಲ್ಯಾಗ ಗುಳ್ಳಿ, ಗುಳ್ಳಿ, ಗುಳ್ಳಿ,
ಆಮ್ಯಾಲ ಬರೀ ಎಣ್ಣಿ.
ಸಾಕರಿ, ಅಂದೆ. ಬಿಡಲಿಲ್ಲ.

ಸಂಜಿಕ ಗಂಜಿನ ಗೇಟಿನ ತನಕ ಒಂದು ಸುತ್ತು.
ನಾ ಬಲಕ್ಕ, ಅವರು ಎಡಕ್ಕ.
ತೊಗರಿ ಚೀಲ ಹೇರಿದ ಕೈಗಾಡಿ ಒಂದು ಅಡ್ಡ ಬಂತು.
ನನ್ನ ಕಾಲು ಇಳಿಯೂದರಾಗ
ಪೆಡಲ್ ತಾನೇ ಇಳದು ಗಾಡಿ ನಿಂತಿತ್ತು.
ತಿರಗಿ ನೋಡಿದೆ.
ಅವರು ಮುಂದೇ ನೋಡಲಾಕತ್ತಿದ್ದರು. ಕಾಲು ಮಡಚಿರಲಿಲ್ಲ.
ನೀನೂ ಹಿಡೀತಿದ್ದಿ ಬಿಡು, ಅಂದರು.

ಜೇಬಿನಾಗ ಫೋನು ಹೊಯ್ಕೊಳ್ಳಲಾಕತ್ತಿತ್ತು,
ಹೈದರಾಬಾದು ಇರಬೇಕು.
ಕೈಗಾಡಿ ದಾಟೂ ತನಕ ಸುಮ್ಮ ಕೂತೆವು ಇಬ್ಬರೂ,
ಎರಡೂ ಪೆಡಲ್ ಕೆಳಗೇ ಇದ್ದವು.