ಗೋಣಿಕೊಪ್ಪದಲ್ಲಿ ತೂಕ

ಹನ್ನೊಂದು ವರ್ಷ ಈ ಕಾಟಾದ ಪಕ್ಕ ಕೂತು
ಊರವರ ಕಾಫಿಯೆಲ್ಲ ತೂಗಿದ್ದೇನೆ.
ಚೆರ್ರಿ, ಪಾರ್ಚ್‌ಮೆಂಟ್, ಕರಿಮೆಣಸು;
ಊರ ಹೆಸರಲ್ಲೇ ಗೋಣಿಯಿದೆ, ಕೇಳಬೇಕೆ?
ಚೀಲಕ್ಕೆ ಐವತ್ತು, ಗೋಣಿಯ ಲೆಕ್ಕಕ್ಕೆ ಒಂದು ಕಳೆದು,
ತೇವ ಹೆಚ್ಚಿದ್ದರೆ ಇನ್ನೊಂದು ಕಳೆದು,
ಬೆಳೆಗಾರರ ಮುಖ ಹುಳಿಯಾಗುವುದನ್ನು ನೋಡಿಯೂ ನೋಡದೆ
ರಸೀದಿ ಹರಿದು ಕೊಟ್ಟಿದ್ದೇನೆ.

ನನ್ನನ್ನು ಮಾತ್ರ ತೂಗಿಕೊಂಡಿರಲಿಲ್ಲ.

ಮಾರ್ಚ್ ಕೊನೆ. ಗೋದಾಮು ಖಾಲಿ.
ಮೊಯ್ದು ಚಹಾಕ್ಕೆ ಹೋದ ಹೊತ್ತು ನೋಡಿ
ಶಟರ್ ಅರ್ಧ ಎಳೆದು ಹತ್ತಿದೆ.
ಕೆಂಪು ಅಂಕಿ ಓಡಿತು, ತಡವರಿಸಿತು, ನಿಂತಿತು:
ನೂರಾ ಏಳು.
ಅಭ್ಯಾಸಬಲ, ಗೋಣಿಯ ಲೆಕ್ಕಕ್ಕೆ ಒಂದು ಕಳೆದೆ.
ಎರಡು ಚೀಲ ಚೆರ್ರಿ, ಮೇಲೆ ಆರು ಕೆಜಿ ಮೆಣಸು.
ಇಷ್ಟನ್ನು ಹೊರಲು ಮೊಯ್ದು ಬಂದಿರಲಿಲ್ಲ; ನಾನೇ
ಮೆಟ್ಟಿಲು ಹತ್ತಿಸಿ, ಬಸ್ಸು ಹತ್ತಿಸಿ,
ಮದುವೆ ಫೋಟೋಗಳಲ್ಲಿ ಹಿಂದಿನ ಸಾಲಿಗೆ ಸಾಗಿಸಿ
ಇಷ್ಟು ವರ್ಷ ಹೊತ್ತದ್ದು.

ಪೊನ್ನಂಪೇಟೆ ರಸ್ತೆಯಲ್ಲಿ, ಮೋಟರ್ ರಿಪೇರಿ ಅಂಗಡಿಯ ಮೇಲೆ
ಮೊಯ್ದುವಿನ ಮಗ ನಝೀರ್ ಜಿಮ್ ಇಟ್ಟಿದ್ದಾನೆ.
ಇಪ್ಪತ್ತೆರಡು ಮೆಟ್ಟಿಲು. ಹನ್ನೆರಡನೆಯದರಲ್ಲಿ ನಿಂತು
ಫೋನು ಬಂದವಳಂತೆ ನಟಿಸಿದೆ.
ಒಳಗೆ ಹುಡುಗರು, ಕನ್ನಡಿ, ಕಬ್ಬಿಣದ ವಾಸನೆ.
ಅವನು ಓಡಿ ಅನ್ನಲಿಲ್ಲ, ಹಾರಿ ಅನ್ನಲಿಲ್ಲ.
ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದಿಟ್ಟು
"ಕೂತು ಏಳಿ ಚೋಂದಮ್ಮಕ್ಕ, ಕೈ ಊರದೆ" ಎಂದ.
ನಲವತ್ತೆಂಟು ವರ್ಷದಲ್ಲಿ ಎಷ್ಟು ಸಲ ಕೂತಿಲ್ಲ, ಎದ್ದಿಲ್ಲ!
ಆರನೆಯ ಸಲಕ್ಕೆ ತೊಡೆ ನಡುಗಿ
ಬೇರೆ ಯಾರದೋ ತೊಡೆ ಅನಿಸಿತು.

ತಿಂಗಳಿಗೆ ಸಾವಿರದಿನ್ನೂರು ಫೀಸು.
ಮೊಯ್ದು ನಕ್ಕು ನಕ್ಕು ಕೆಮ್ಮಿದ:
"ನಾನು ಎತ್ತಿದರೆ ಚೀಲಕ್ಕಿಷ್ಟೆಂದು ನನಗೆ ಕೊಡುತ್ತಾರೆ,
ನೀವು ಎತ್ತಲು ನೀವೇ ಕೊಡುತ್ತೀರಾ?"
ಆಮೇಲೆ, ನಗು ಇಳಿದ ಮೇಲೆ, ಮೆಲ್ಲಗೆ:
"ಸೊಂಟದಿಂದ ಎತ್ತಬೇಡಿ. ಕಾಲಿನಿಂದ.
ನನಗೆ ಯಾರೂ ಹೇಳಲಿಲ್ಲ."

ಊಟದ್ದೇ ಕಷ್ಟ.
ಕಾಚಂಪುಳಿ ಬಿಟ್ಟು ಕುದಿಸಿ ಬಡಿಸಿದ ಅವ್ವನ ಎದುರಿಗೇ
ಪಂದಿಕರಿಯ ಕೊಬ್ಬನ್ನು ಬದಿಗೆ ಸರಿಸುವುದೆಂದರೆ!
ಅವ್ವ ತಟ್ಟೆಯ ಅಂಚು ನೋಡಿದಳು, ನನ್ನನ್ನು ನೋಡಿದಳು,
"ಜ್ವರವಾ?" ಎಂದಳು.
ಆರು ಕಡಂಬುಟ್ಟಿನ ಜಾಗದಲ್ಲಿ ಎರಡು;
ಉಳಿದ ಜಾಗಕ್ಕೆ ಹೆಸರುಕಾಳು, ಮೊಟ್ಟೆ, ಬಸಳೆ.
ಕಾಫಿಗೆ ಬೆಲ್ಲ ಬಿಟ್ಟೆ. ಕಾಫಿಯ ಊರಲ್ಲಿ ಹುಟ್ಟಿ
ಕಾಫಿಯ ರುಚಿ ಗೊತ್ತಾದದ್ದು ಆಗಲೇ.
ರಾತ್ರಿ ಹನ್ನೊಂದರ ಹಸಿವು ಬೇರೆ ಜಾತಿಯದು,
ಹೊಟ್ಟೆಯಲ್ಲಿ ಹುಟ್ಟುವುದಿಲ್ಲ, ಫ್ರಿಜ್ಜಿನ ದೀಪದಲ್ಲಿ ಹುಟ್ಟುತ್ತದೆ.
ನೀರು ಕುಡಿದು ಮಲಗುತ್ತಿದ್ದೆ.
ಕೆಲವು ಸಲ ಅದೇ ಗೆದ್ದಿತು.
ಕೈಲ್‌ಮುಹೂರ್ತದ ದಿನವಂತೂ ಎಲ್ಲ ಮರೆತು ತಿಂದೆ.
ಮರುದಿನ ನಝೀರನ ಮುಂದೆ ತಪ್ಪೊಪ್ಪಿಕೊಂಡರೆ
"ಚೆನ್ನಾಗಿತ್ತಾ?" ಎಂದ.
"ಇತ್ತು."
"ಸರಿ, ಬನ್ನಿ, ಬಾರ್ ಹಿಡೀರಿ."

ಡಿಸೆಂಬರಿನಲ್ಲಿ ಐವತ್ತು ಎತ್ತಿದೆ.
ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ನೆಟ್ಟಗೆ;
ಒಂದು ಚೀಲ ಚೆರ್ರಿ, ಗೋಣಿ ಕಳೆಯದೆ.
ಹುಡುಗರು ಯಾರೂ ತಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು,
ಅಳು ಬಂದಿತ್ತು, ಯಾಕೆಂದು ಇವತ್ತಿಗೂ ತಿಳಿದಿಲ್ಲ.

ಈಗ ಜನವರಿ. ಕಾಟಾಕ್ಕೆ ಬಿಡುವಿಲ್ಲ.
ಮೊನ್ನೆ ಸಂದಿಯಲ್ಲಿ ಹತ್ತಿದೆ: ಎಂಬತ್ತೈದು.
ಹಿಂದೆ ನಿಂತಿದ್ದ ಪೆಮ್ಮಯ್ಯನವರು ಕಂಡುಬಿಟ್ಟರು.
"ಒಣಗಿದ್ದೀರಲ್ಲ, ತೇವ ಎಷ್ಟು ಹೋಯಿತು?"
ಹೋದ ವರ್ಷ ಅವರ ಚೀಲಕ್ಕೆ ಒಂದು ಕಳೆದದ್ದು ನೆನಪಿರಬೇಕು.

ನಾವು ಚೆರ್ರಿಯನ್ನು ಬರಿಯ ತೂಕಕ್ಕೆ ಕೊಳ್ಳುವುದಿಲ್ಲ.
ಒಂದು ಹಿಡಿ ಕುಟ್ಟಿ, ಸಿಪ್ಪೆ ಊದಿ,
ಒಳಗೆ ಬೀಜವೆಷ್ಟೆಂದು ನೋಡುತ್ತೇವೆ. ಒ.ಟಿ. ಅನ್ನುತ್ತೇವೆ.
ಅವರಿಗೆ ಅದನ್ನು ಹೇಳಬಹುದಿತ್ತು.
ಹೇಳಲಿಲ್ಲ, ಲಾರಿ ಕಾಯುತ್ತಿತ್ತು.
ಮೊಯ್ದು ಬೆನ್ನು ಬಗ್ಗಿಸುವ ಮೊದಲೇ
ಚೀಲದ ಇನ್ನೊಂದು ಕಿವಿ ಹಿಡಿದೆ,
ಮೊಣಕಾಲು ಮಡಚಿದೆ,
"ಕಾಲಿನಿಂದ" ಎಂದೆ.