ಹನ್ನೊಂದನೆಯ ಕೊಂಡಿ

ಅಟಕಾಮದಲ್ಲಿ ಬಾಯಿ ತೆರೆದರೆ
ಮೊದಲು ಒಳಹೋಗುವುದು ಧೂಳು,
ಆಮೇಲೆ ಉಸಿರು, ಜಾಗ ಉಳಿದರೆ ಮಾತು.
ತಾಮ್ರದ ಅದಿರು ಹೊತ್ತ ಬೆಲ್ಟು ಒಂಬತ್ತು ಕಿಲೋಮೀಟರು,
ಅದರುದ್ದಕ್ಕೂ ಹನ್ನೊಂದು ತಗಡಿನ ಪೆಟ್ಟಿಗೆ,
ಪೆಟ್ಟಿಗೆಗೊಂದು ಸ್ವಿಚ್ಚು.

ಸಾಲಾಗಿ ಕಟ್ಟಿದರೆ, ನಡುವೆ ಕಡಿದ ದಿನ ಅರ್ಧ ಊರು ಕುರುಡು.
ಬಾಲ ತಂದು ತಲೆಗೆ ಕಟ್ಟು, ಉಂಗುರ ಮಾಡು,
ಎಂದಳು ಫೌಸ್ತಾ ಕೋಲ್ಕೆ, ದವಡೆಯಲ್ಲಿ ಕೋಕಾ ಎಲೆ ಒತ್ತಿಕೊಂಡು.
ಆದರೆ ಅನ್ಸೆಲ್ಮೋ, ಕೊನೆಯ ಕೊಂಡಿ ಕೊನೆಗೆ.

ನಾನು ಮೊದಲೇ ಹಾಕಿದೆ.

ಊಟದ ಹೊತ್ತು. ಕ್ಲಿಕ್ ಅಂದಿತು.
ದೀಪಗಳೆಲ್ಲ ಮಿಣುಕುವುದು ಬಿಟ್ಟು ಹಸಿರಾಗಿ ನಿಂತೇ ಉರಿದವು.
ಚೆಂದ ಕಂಡಿತು, ಸುಳ್ಳು ಹೇಳಲಾರೆ.
'ಯಾರಿದ್ದೀರಿ?' ಎಂಬ ಒಂದು ಪ್ರಶ್ನೆ
ಹೊರಟ ಜಾಗಕ್ಕೇ ಬಂದು, ತನ್ನ ಗುರುತು ತನಗೇ ಸಿಗದೆ
ಮತ್ತೆ ಹೊರಟಿತು. ಅದರ ಹಿಂದೆ ಇನ್ನೊಂದು, ಹಿಂದೆ ನೂರು,
ಗಾಣ ಬಿಚ್ಚಿದ್ದು ತಿಳಿಯದ ಎತ್ತುಗಳು.
ಬೆಲ್ಟು ನಿಂತಿತು.
ಒಂಬತ್ತು ಕಿಲೋಮೀಟರು ಉದ್ದದ ಮೌನವನ್ನು
ಅವತ್ತು ಕಿವಿಯಾರೆ ಕೇಳಿದೆ.

ಅವಳು ಬೈಯಲಿಲ್ಲ. ಆ ಕೇಬಲ್ಲು ಕಿತ್ತು ನನ್ನ ಕೈಯಲ್ಲಿಟ್ಟಳು:
ಹಿಡಕೊಂಡೇ ಬಾ.
ಸಂಜೆಯವರೆಗೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅಲೆದು
ಒಂದೊಂದಕ್ಕೂ ಎಡಗೈ ಯಾವುದು, ಬಲಗೈ ಯಾವುದು ಕಲಿಸಿದೆವು.
ಮೊದಲನೆಯದನ್ನು ಮಾತ್ರ ಯಜಮಾನಿ ಮಾಡಿದೆವು.
ಯಜಮಾನಿಕೆ ಎಂದರೆ ಅಲ್ಲಿ
ತನ್ನದೇ ಒಂದು ಬಾಯಿಗೆ ಬೀಗ ಹಾಕಿಕೊಳ್ಳುವುದು.
ಕಿವಿ ತೆರೆದೇ ಇರುತ್ತದೆ.
ಈ ಕಡೆಯಿಂದ ಕಳಿಸಿದ ಚೀಟಿ ಊರು ಸುತ್ತಿ
ಆ ಕಡೆಗೆ ಬಂತೇ, ಬಂತೇ, ಸೆಕೆಂಡಿಗೆ ಐವತ್ತು ಸಲ.
ಬರಲಿಲ್ಲವೋ, ಬೀಗ ತೆಗೆ.

ಕತ್ತಲಾದ ಮೇಲೆ ಕೊಂಡಿ ಹಾಕಿಸಿದಳು. ಕೈ ನಡುಗಿತು.
ಏನೂ ಆಗಲಿಲ್ಲ.
ಈಗ ಆರನೆಯದನ್ನು ಕೀಳು, ಎಂದಳು.
ಕಿತ್ತೆ.
ಬೆಲ್ಟಿನ ಮೇಲಿನ ಕಲ್ಲುಗಳಿಗೆ ಗೊತ್ತೇ ಆಗಲಿಲ್ಲ.

ಲೆಕ್ಕದ ಬೆನಾವಿಡೆಸ್ ಒಮ್ಮೆ ಕಡತ ಹಿಡಿದು ಬಂದ:
ಕೆಲಸವಿಲ್ಲದ ತಂತಿಗೆ ಇಷ್ಟು ದುಡ್ಡು? ಅದೂ ಗುಡ್ಡ ಬಳಸಿ,
ನೀರಿನ ಕೊಳವೆಯ ಪಕ್ಕ? ಇದೇ ಕಾಲುವೆಯಲ್ಲಿ
ಹೋಗುವುದೂ ಬರುವುದೂ ಹಾಕಬಹುದಿತ್ತಲ್ಲ!
ಫೌಸ್ತಾ ಎಲೆ ಉಗುಳಿ ಹೇಳಿದಳು:
ಆಗ ಕಾಗದದ ಮೇಲೆ ಉಂಗುರ, ಮಣ್ಣಿನಲ್ಲಿ ಬರೀ ಹಗ್ಗ.
ಜೆಸಿಬಿಗೆ ಕಾಗದ ಓದಲು ಬರುವುದಿಲ್ಲ.

ಅವಳೀಗ ನಿವೃತ್ತಳು, ಅರೀಕಾದಲ್ಲಿ, ಕಡಲಿನ ತೇವದಲ್ಲಿ.
ಆಗಸ್ಟಿನ ಒಂದು ರಾತ್ರಿ ಪರದೆಯ ಮೂಲೆಯಲ್ಲಿ
ಸಣ್ಣಕ್ಷರ: ಉಂಗುರ ತೆರೆದಿದೆ.
ಬೆಲ್ಟು ಓಡುತ್ತಿತ್ತು. ಎಲ್ಲ ಸರಿಯಿದೆಯಲ್ಲ, ನಾಳೆ ನೋಡಿದರಾಯಿತು, ಎಂದರು.
ಮೊದಲ ಪೆಟ್ಟಿಗೆ ಸದ್ದಿರುವುದಿಲ್ಲ. ಅದೇ ಭಯ.
ಎರಡನೆಯದು ಬಿದ್ದಾಗ ಮಾತ್ರ ಎಲ್ಲರೂ ಏಳುತ್ತಾರೆ.

ಒಂಬತ್ತನೆಯ ಪೆಟ್ಟಿಗೆಯಾಚೆ ನರಿ ಕಡಿದಿತ್ತು,
ಉಪ್ಪಿನ ರುಚಿಗೋ, ಬೇಸರಕ್ಕೋ.
ಗಾಳಿಗೆ ಬೆನ್ನು ಕೊಟ್ಟು, ಜೀಪಿನ ದೀಪದಲ್ಲಿ
ಕೂದಲಿನಂಥ ಎರಡು ಗಾಜಿನ ಎಳೆಗಳನ್ನು
ಎದುರುಬದುರು ಹಿಡಿದು ಬೆಸೆದೆ. ಮೂರನೆಯ ಸಲಕ್ಕೆ ಕೂಡಿತು.

ರೇಡಿಯೋದಲ್ಲಿ ಹೇಳಿದೆ: ಬೀಗ ಮತ್ತೆ ಬಿತ್ತು.
ಕಂಟ್ರೋಲ್ ರೂಮಿನ ಹೊಸ ಹುಡುಗ ಆಕಳಿಸಿದ:
ಯಾವ ಬೀಗ?